ಹೊನ್ನೂರಪ್ಪನ ತಲೆಯ ಮೇಲಿನ ಬಾತು

ನಾನು ಒಂದು ಸೋರೆಬುರುಡೆ. ಬಾತುಕೋಳಿಯಾಗಿ ಬದುಕಿದ ಸೋರೆಬುರುಡೆ. ನಗಬೇಡಿ. ನನ್ನನ್ನು ನಂಬಿ ಕೆರೆಗೆ ಇಳಿದ ಬಾತುಗಳು ನಗಲಿಲ್ಲ. ಅವಕ್ಕೆ ಅಷ್ಟು ಹೊತ್ತು ಸಿಗಲೂ ಇಲ್ಲ.

ಗವಿಕೆರೆಯ ದಂಡೆಯಲ್ಲಿದ್ದ ಒಂದು ಗುಡಿಸಲಿನ ಮಾಡಿನ ಮೇಲೆ ನಾನು ಹುಟ್ಟಿದೆ. ಬಳ್ಳಿ ಹಬ್ಬಿಸಿದವಳು ಹುಲಿಗೆಮ್ಮ, ಅಂಬಿಗರ ಹೊನ್ನೂರಪ್ಪನ ಹೆಂಡತಿ. ನನ್ನ ಒಡಹುಟ್ಟಿದವರೆಲ್ಲ ಎಳೆಯ ಪ್ರಾಯದಲ್ಲೇ ಪಲ್ಯವಾಗಿ ಹೋದರು. ನನ್ನನ್ನು ಉಳಿಸಿದ್ದು ನನ್ನ ಡೊಂಕು ಕುತ್ತಿಗೆ. ಹೊನ್ನೂರಪ್ಪ ಒಂದು ದಿನ ಕೆಳಗೆ ನಿಂತು ತಲೆಯೆತ್ತಿ ನೋಡಿ, "ಇದನ್ನ ಹರೀಬ್ಯಾಡ, ಥೇಟ್ ಬಾತು ಕುಂತಂಗ ಐತಿ" ಎಂದ. ಹುಲಿಗೆಮ್ಮ ಕುಡುಗೋಲನ್ನು ಕೆಳಗಿಟ್ಟಳು. ಡೊಂಕಾಗಿ ಹುಟ್ಟಿದ್ದಕ್ಕೆ ನಾನು ಎಂದೂ ಬೇಸರಪಟ್ಟಿಲ್ಲ.

ಒಣಗಿದ ಮೇಲೆ ಹೊನ್ನೂರಪ್ಪ ನನ್ನ ತಳವನ್ನು ಕೊರೆದ. ತಿರುಳು, ಬೀಜ ಎಲ್ಲವನ್ನೂ ಕೆರೆದು ತೆಗೆದ. ಅವನ ತಲೆ ಒಳಗೆ ಹೋಗುವಷ್ಟು ದೊಡ್ಡ ಬಾಯಿ ಬಂತು. ಎದೆಯ ಭಾಗದಲ್ಲಿ ಎರಡು ತೂತು ಮಾಡಿದ, ಅವನ ಕಣ್ಣಿಗೆಂದು. ಹುಲಿಗೆಮ್ಮ ಬೇಲದ ಮರದ ಅಂಟು ಬಳಿದು ಪುಕ್ಕ ಅಂಟಿಸಿದಳು. ಆ ಪುಕ್ಕವೆಲ್ಲ ಸತ್ತ ಬಾತುಗಳದು. ಸತ್ತವರ ಬಟ್ಟೆ ತೊಟ್ಟು ಅವರ ಬಂಧುಗಳ ನಡುವೆ ಹೋಗಿ ಕೂರುವುದು ನನ್ನ ಕಸುಬಾಯಿತು.

ಕಸುಬಿನ ರೀತಿ ಹೇಳುತ್ತೇನೆ. ಚಳಿಗಾಲಕ್ಕೆ ಬಾತುಗಳು ಬಂದಿಳಿದಾಗ ಹೊನ್ನೂರಪ್ಪ ನಾಲ್ಕಾರು ಬರಿಯ ಬುರುಡೆಗಳನ್ನು ನೀರಿಗೆ ಬಿಟ್ಟುಬಿಡುತ್ತಿದ್ದ. ಮೊದಮೊದಲು ಬಾತುಗಳು ದೂರ ಸರಿಯುತ್ತಿದ್ದವು. ಬರಬರುತ್ತ ರೂಢಿಯಾಗಿ ಬುರುಡೆಗಳಿಗೇ ಮೈ ಒರಗಿಸಿ ನಿದ್ದೆ ಮಾಡುತ್ತಿದ್ದವು. ಆಗ ನನ್ನ ಸರದಿ. ಹೊನ್ನೂರಪ್ಪ ನನ್ನನ್ನು ತಲೆಗೆ ಹಾಕಿಕೊಂಡು ಕುತ್ತಿಗೆಮಟ್ಟದ ನೀರಿನಲ್ಲಿ ನಡೆದು ಬರುತ್ತಿದ್ದ. ಹತ್ತಿರದ ಬಾತಿನ ಕಾಲು ಹಿಡಿದು ಒಳಕ್ಕೆ ಎಳೆದು, ಕುತ್ತಿಗೆ ಮುರಿದು, ಸೊಂಟದ ದಾರಕ್ಕೆ ಸಿಕ್ಕಿಸಿ ಮುಂದಿನದರ ಬಳಿ ಹೋಗುತ್ತಿದ್ದ. ಸದ್ದಿಲ್ಲ, ರಕ್ತವಿಲ್ಲ. ಪಕ್ಕದ ಬಾತು ತನ್ನ ರೆಕ್ಕೆಯನ್ನು ತೀಡಿಕೊಳ್ಳುತ್ತಲೇ ಇರುತ್ತಿತ್ತು. ಅದನ್ನು ನೋಡುವುದೆಂದರೆ ನನಗೆ ಬಲು ಖುಷಿ.

ಕೆರೆ ಜಡೆಪ್ಪ ನಾಯಕರದು. ಮೀನು ಹಿಡಿಯಲು ಯಾರು ಇಳಿಯಬೇಕು, ಯಾರು ಇಳಿಯಬಾರದು ಎಂದು ಹೇಳುವವರು ಅವರು. ಊರಿಗೆಲ್ಲ ಧಣಿ. ಆ ಕಾಲದಲ್ಲಿ ಪರವಾನಗಿ ಇದ್ದವರು ಬಂದೂಕಿನಿಂದ ಬಾತು ಹೊಡೆಯುತ್ತಿದ್ದರು. ಧಣಿಗೂ ಅದೇ ಹುಚ್ಚು. ಆದರೆ ಬಾತುಗಳು ಅವರ ಗುಂಡಿಗೆ ಸಿಗದಷ್ಟು ದೂರದಲ್ಲೇ ಇಳಿಯುತ್ತಿದ್ದವು. ಹತ್ತಿರಕ್ಕೆ ಸೆಳೆಯಲು ಅವರು ಪಟ್ಟಣದಿಂದ ಎರಡು ಸುಳ್ಳು ಬಾತು ತರಿಸಿದರು. ಒಂದು ಮರದ್ದು, ಬಣ್ಣ ಬಳಿದದ್ದು. ಇನ್ನೊಂದು ತಗಡಿನದು, ಕೀಲಿ ಕೊಟ್ಟರೆ ರೆಕ್ಕೆ ಬಡಿಯುವಂಥದು. ಅವುಗಳ ಜೊತೆಗೆ ನನ್ನನ್ನೂ ತರಲು ಹೊನ್ನೂರಪ್ಪನಿಗೆ ಹೇಳಿ ಕಳಿಸಿದರು.

ಒಂದು ಬೆಳಿಗ್ಗೆ ಮೂವರಿಗೂ ಪರೀಕ್ಷೆ ನಡೆಯಿತು. ಮರದ ಬಾತನ್ನು ಬಿಟ್ಟಾಗ ಮೇಲೆ ಹಾರುತ್ತಿದ್ದ ಹಿಂಡು ಒಂದು ಸುತ್ತು ಹಾಕಿ ಹೊರಟುಹೋಯಿತು. ತಗಡಿನದು ರೆಕ್ಕೆ ಬಡಿಯತೊಡಗಿದಾಗ ಇನ್ನೊಂದು ಹಿಂಡು ಅರ್ಧಕ್ಕೆ ಇಳಿದು ಗಾಬರಿಯಿಂದ ಮೇಲೆದ್ದಿತು. ಹೊನ್ನೂರಪ್ಪ ನನ್ನನ್ನು ಹೊತ್ತು ಇಳಿದ. ತುಸು ಓಡಾಡಿದ, ನಿಂತ, ಮೇವು ಹುಡುಕುವಂತೆ ನನ್ನನ್ನು ಬಾಗಿಸಿದ, ಮತ್ತೆ ಓಡಾಡಿದ. ಹಿಂಡು ಬಂದು ನನ್ನ ಮಗ್ಗುಲಲ್ಲೇ ಇಳಿಯಿತು.

ಧಣಿ ದಡ್ಡರಲ್ಲ. "ಮರದ್ದು ಹೆಣಾ ಬಿದ್ದಂಗ ಐತಿ" ಎಂದರು. "ತಗಡಿಂದು ಒಂದ ಸವನ ಬಡಕೊಂತೈತಿ. ಜೀವ ಇದ್ದದ್ದು ಹಂಗ ಆಡಂಗಿಲ್ಲ, ನಡುನಡುವ ಸುಮ್ಮನಿರ್ತೈತಿ. ಈ ಬುರುಡಿ ಛಲೋ ಆಡ್ತೈತಿ. ನನಗ ಇದ ಬೇಕು."

"ಆಡೂದು ಬುರುಡಿ ಅಲ್ರೀ ಧಣ್ಯಾರ, ನಾನು" ಎಂದ ಹೊನ್ನೂರಪ್ಪ.

"ಗೊತ್ತೈತಿ. ಬುರುಡಿ ಕೂಡ ನೀನೂ ಬೇಕು."

ಹುಲಿಗೆಮ್ಮ ಆ ದಿನ ಒಲೆ ಹಚ್ಚಲಿಲ್ಲ. "ಬಂದೂಕ ಹಿಡಿದಾವರಿಗೆ ಬುರುಡಿ ಯಾವುದು ಬಾತು ಯಾವುದು ಅಂತ ಹೆಂಗ ಗೊತ್ತಾಗ್ತೈತಿ? ಜೀವ ಹೋದ್ರ ತಂದುಕೊಡ್ತಾರನು?" ಎಂದು ಕೇಳಿದಳು. ಹೊನ್ನೂರಪ್ಪ, "ಒಲ್ಲೆ ಅಂದ್ರ ಕೆರಿ ಬಿಡಬೇಕಾಗ್ತೈತಿ. ಆಮೇಲೆ ಏನು ತಿಂತಿ?" ಎಂದ.

ಅವನೂ ಸುಮ್ಮನೆ ಒಪ್ಪಲಿಲ್ಲ. ಧಣಿಯ ಮುಂದೆ ಕೈಕಟ್ಟಿ ನಿಂತು ಒಂದು ಗುರುತು ಹೇಳಿದ. "ಹಿಂಡು ದಂಡಿಗೆ ಬಂದಕೂಡಲೆ ನಾ ಬುರುಡಿ ಬಿಟ್ಟು ನೀರಾಗ ಮುಳುಗಿ ಜೊಂಡಿನ ಮರಿಗೆ ಹೋಗ್ತೀನ್ರಿ. ನಾ ಬಿಟ್ಟ ಬುರುಡಿ ಮಗ್ಗಲಾಗಿ ತೇಲ್ತೈತಿ. ಆವಾಗ ಹೊಡೀರಿ. ನೆಟ್ಟಗ ಕುಂತು ಆಡಾಕತ್ತಿದ್ರ ನಾ ಅದರಾಗ ಅದೀನಿ ಅಂತ ತಿಳೀರಿ."

ಧಣಿ ಆ ಮಾತು ನಡೆಸಿದರು. ಎರಡು ಚಳಿಗಾಲ ಕಳೆದವು. ನಾನು ಹಿಂಡನ್ನು ದಂಡೆಗೆ ಕರೆತರುತ್ತಿದ್ದೆ, ಹೊನ್ನೂರಪ್ಪ ಜಾರಿಹೋಗುತ್ತಿದ್ದ, ನಾನು ಮಗ್ಗಲಾಗುತ್ತಿದ್ದೆ, ಬಂದೂಕು ಹಾರುತ್ತಿತ್ತು. ನನ್ನ ಸುತ್ತ ಬಾತುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವು ಸಾಯದೆ ಒಂದೇ ರೆಕ್ಕೆಯಲ್ಲಿ ನೀರು ಬಡಿಯುತ್ತ ಗಿರಗಿರ ತಿರುಗುತ್ತಿದ್ದವು. ಆ ತಗಡಿನ ಬಾತು ಇವನ್ನು ನೋಡಿ ಕಲಿಯಬೇಕಿತ್ತು ಎಂದುಕೊಳ್ಳುತ್ತಿದ್ದೆ.

ಮೂರನೆಯ ವರ್ಷ ಧಣಿಯ ಮಗಳ ಮದುವೆಯಾಯಿತು. ಅಳಿಯ ತಿಮ್ಮರಾಜ ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದ. ಆ ಮನೆಯಲ್ಲಿ ಒಂದು ಪದ್ಧತಿ. ಮೊದಲ ದೀಪಾವಳಿಗೆ ಬಂದ ಅಳಿಯ ಕೆರೆಯಲ್ಲಿ ಬೇಟೆಯಾಡಬೇಕು, ಅವನು ಹೊಡೆದದ್ದನ್ನೇ ಹಬ್ಬದ ಮಾರನೆಯ ದಿನ ಅಡುಗೆ ಮಾಡಬೇಕು. ಅವನ ಮೊದಲ ಗುಂಡು ಹಾರುವವರೆಗೆ ದಂಡೆಯ ಮೇಲೆ ಯಾರೂ ತುಟಿ ಬಿಚ್ಚಬಾರದು. ಬಾಯಿ ಹಾಕಿದರೆ ಅಳಿಯನಿಗೆ ಅವಮಾನ, ಮನೆಗೆ ಕೆಡುಕು.

ಆ ವರ್ಷ ಬಾತುಗಳು ಬೇಗ ಬಂದಿದ್ದವು. ಬೇಟೆಯ ದಿನ ನಾವು ದೊಡ್ಡ ಹಿಂಡಿನ ನಡುವೆ ಇದ್ದೆವು. ಹೊನ್ನೂರಪ್ಪ ಎಂದಿಗಿಂತ ಚೆನ್ನಾಗಿ ನನ್ನನ್ನು ಆಡಿಸುತ್ತಿದ್ದ. ಹಬ್ಬವಲ್ಲವೇ, ಅವನಿಗೂ ಹುರುಪು. ನಾನು ಕತ್ತು ಕೊಂಕಿಸಿ ಹೋಗುತ್ತಿದ್ದರೆ ನಿಜವಾದ ಬಾತುಗಳು ದಾರಿ ಬಿಡುತ್ತಿದ್ದವು. ದಂಡೆ ಇನ್ನೂ ತುಸು ದೂರವಿತ್ತು. ಅಳಿಯ ಬಂದೂಕು ಎತ್ತಿದ. ನಳಿಗೆ ಅತ್ತಿತ್ತ ತಿರುಗಿ ಕೊನೆಗೆ ನನ್ನ ಮೇಲೆ ನಿಂತಿತು. ಹಿಂಡಿನಲ್ಲೆಲ್ಲ ನಾನೇ ಕೊಬ್ಬಿದವನು, ನಾನೇ ಚೆಂದ ಆಡುವವನು. ಯಾರಿಗಾದರೂ ಆಸೆಯಾಗುವುದೇ.

ಧಣಿ ಅದನ್ನು ನೋಡಿದರು. ನಾನು ಎದುರಿಗೇ ಇದ್ದೆ, ಸ್ಪಷ್ಟವಾಗಿ ಕಂಡಿದ್ದೇನೆ. ಅವರ ಕೈ ಅಳಿಯನ ಬಂದೂಕಿನ ಕಡೆ ಎದ್ದಿತು. ಅರ್ಧಕ್ಕೆ ನಿಂತಿತು. ಆಮೇಲೆ ಮೀಸೆಯ ಮೇಲೆ ಹೋಯಿತು.

ಢಂ ಎಂದಿತು. ಸೀಸದ ಚರೆಗಳು ನನ್ನ ಎದೆಯನ್ನು ತೂತುಮಾಡಿಕೊಂಡು ಒಳಗೆ ಹೋದವು. ಹಿಂಡೆಲ್ಲ ಎದ್ದಿತು. ಹೊನ್ನೂರಪ್ಪ ನೀರೊಳಗೆ ಕುಸಿದ, ನಾನು ಮಗ್ಗಲಾಗಿ ತೇಲಿದೆ. ಈಗ ಹೊಡೆಯಬಹುದೆಂಬ ಗುರುತು ಅದು.

"ಬಿತ್ತು ನೋಡ್ರಿ ಮಾವಾರ" ಎಂದ ಅಳಿಯ. ಅಷ್ಟರಲ್ಲಿ ಹೊನ್ನೂರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೀರಿನಿಂದ ಎದ್ದು, ದಂಡೆ ಯಾವ ಕಡೆ ಎಂದು ತಿಳಿಯದೆ ಆಳದ ಕಡೆಗೇ ನಡೆಯತೊಡಗಿದ. ಆಳುಗಳು ಧುಮುಕಿ ಎಳೆತಂದರು. ಅದೇ ಏಟಿಗೆ ನನ್ನ ಪಕ್ಕದ ಒಂದು ಬಾತೂ ಸತ್ತಿತ್ತು. ಅದನ್ನು ಒಯ್ದು ಅಡುಗೆ ಮಾಡಿದರು. ಪದ್ಧತಿ ತಪ್ಪಲಿಲ್ಲ.

ಹೊನ್ನೂರಪ್ಪ ಸಾಯಲಿಲ್ಲ. ಎರಡು ಕಣ್ಣೂ ಹೋದವು. ಹುಲಿಗೆಮ್ಮ ನನ್ನನ್ನು ಒಲೆಗೆ ಹಾಕಲು ಹೊರಟಳು. ಅವನು ಬಿಡಲಿಲ್ಲ. ತಡವರಿಸಿ ಕಿತ್ತುಕೊಂಡು ಗುಡಿಸಲಿನ ಗಳಕ್ಕೆ ನೇತುಹಾಕಿಸಿದ. ಅಲ್ಲಿಂದಲೇ ನಾನು ಮುಂದಿನದೆಲ್ಲ ಕೇಳಿದೆ.

ಗಾಯ ಆರಿದ ಮೇಲೆ ಧಣಿ ಬಂದರು. ಹುಲಿಗೆಮ್ಮ ಬಾಗಿಲಿಗೆ ಅಡ್ಡ ನಿಂತು, "ಗುರುತು ಹೇಳಿದ್ದನಲ್ರಿ ನನ್ನ ಗಂಡ. ಅಳಿಯಂದ್ರಿಗೆ ನೀವು ಹೇಳಲಿಲ್ಲನು?" ಎಂದಳು.

"ಹೇಳಿದ್ನೆವಾ. ಮಗ್ಗಲಾಗಿ ತೇಲೂದು ಬುರುಡಿ, ಅದಕ್ಕ ಗುಂಡು ದಂಡ ಮಾಡಬ್ಯಾಡ್ರಿ ಅಂತ ಹೇಳಿದ್ದೆ."

"ಬುರುಡ್ಯಾಗ ಮನಷಾ ಇರ್ತಾನಂತ?"

ಧಣಿ, "ಅದು ಹೇಳೂದು ತಲಿಗೆ ಬರಲಿಲ್ಲ" ಎಂದರು. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಆಮೇಲೆ ಒಳಗೆ ಬಂದು ಹೊನ್ನೂರಪ್ಪನ ಎದುರು ಕೂತರು. "ಕೆರಿ ಬ್ಯಾರೆದಾವರಿಗೆ ಕೊಡೂದು ನನಗ ಮನಸ್ಸಿಲ್ಲ. ಬಾತು ಆಡ್ಸಾಕ ಕಣ್ಣು ಯಾಕ ಬೇಕು, ಹೇಳು? ಆಟ ನಿನ್ನ ಕುತಿಗ್ಯಾಗ ಐತಿ. ಸೊಂಟಕ್ಕ ಹಗ್ಗ ಕಟ್ಟೂಣು. ಹಿಂಡು ಯಾವ ಕಡೆ ಐತಿ ಅಂತ ದಂಡಿಮ್ಯಾಲಿಂದ ಜಗ್ಗಿ ತಿಳಸ್ತಾರ. ಮುಳುಗು ಅನ್ನಾಕ ಎರಡು ಸಲ ಜಗ್ತಾರ."

ಹುಲಿಗೆಮ್ಮ, "ಹಗ್ಗ ನನ್ನ ಕೈಯಾಗ ಇರಬೇಕು" ಎಂದಳು. ಧಣಿ ಯಾರಾದರೇನು ಎಂದು ಒಪ್ಪಿ ಎದ್ದುಹೋದರು.

ನನಗೆ ಈಗ ವಯಸ್ಸಾಗಿದೆ. ಪುಕ್ಕ ಉದುರಿದೆ. ಮೈತುಂಬ ತೂತಿರುವುದರಿಂದ ನೀರಿಗೂ ಆಗದವನು, ಕಾಳು ತುಂಬಿಡಲೂ ಆಗದವನು. ಹಲ್ಲಿಯೊಂದು ನನ್ನೊಳಗೆ ಸಂಸಾರ ಹೂಡಿದೆ. ನನ್ನ ತಪ್ಪೇನೂ ಇಲ್ಲ ಎಂದು ಈಗಲೂ ಹೇಳುತ್ತೇನೆ. ನಾನು ಬಾತಿನಂತೆ ಆಡಿದೆ, ಅವರು ಬಾತಿಗೆ ಹೊಡೆಯುವಂತೆ ಹೊಡೆದರು.

ಆದರೆ ಒಂದು ಮಧ್ಯಾಹ್ನ ಮಾತ್ರ ನನಗೆ ಮರೆಯುವುದಿಲ್ಲ. ಹುಲಿಗೆಮ್ಮ ಹೊಸ ಬುರುಡೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ತಳ ಕೊರೆದಳು. ತಿರುಳು ತೆಗೆದಳು. ಆಮೇಲೆ, ಎಂದಿನ ರೂಢಿಯಲ್ಲಿ, ಎದೆಯ ಭಾಗಕ್ಕೆ ಉಳಿಯ ಮೊನೆ ಇಟ್ಟಳು. ಟಕ್ ಎಂದ ಸದ್ದಿಗೆ ಹೊನ್ನೂರಪ್ಪ ಮೂಲೆಯಿಂದ ಮುಖ ತಿರುಗಿಸಿದ.

"ಅಲ್ಲಿ ಯಾಕ ತೂತು ಮಾಡ್ತಿ?" ಎಂದ. "ಸುಮ್ಮನ ನೀರು ಬರ್ತೈತಿ."

ಹುಲಿಗೆಮ್ಮ ಉಳಿಯನ್ನು ಕೆಳಗಿಟ್ಟು ಅಂಟಿನ ಬಟ್ಟಲಿಗೆ ಕೈ ಹಾಕಿದಳು. ಪುಕ್ಕ ಸಾಕಾಗದೆ ಹೋದಾಗ ನನ್ನ ಮೈಮೇಲೆ ಉಳಿದಿದ್ದನ್ನೂ ಕಿತ್ತು ಅದಕ್ಕೆ ಅಂಟಿಸಿದಳು.