ಕೆಂಪು ಹಚ್ಚದ ಕುತ್ತಿಗೆ

ಕುಂದಗೋಳದ ಟೆಂಟ್ ಟಾಕೀಸಿನ ಮಾಲೀಕ ಮೀರಾಸಾಬನ ಪ್ರಕಾರ ದೆವ್ವದ ಸಿನಿಮಾದ ಬೋರ್ಡಿಗೂ ಒಂದು ಶಾಸ್ತ್ರವಿದೆ. ದೆವ್ವದ ಮುಖ ಹಸಿರಾಗಿರಬೇಕು. ಕೂದಲು ಬಿಚ್ಚಿರಬೇಕು, ಕಣ್ಣೊಳಗೆ ಕರಿ ಗುಡ್ಡೆ ಇರಕೂಡದು. ಅಕ್ಷರ ಕೆಂಪು, ಒಂದೊಂದರ ಬುಡದಿಂದಲೂ ರಕ್ತ ತೊಟ್ಟಿಕ್ಕುತ್ತಿರಬೇಕು. ಮೂಲೆಯಲ್ಲಿ ಹಾಳು ಬಂಗಲೆ, ಅದರ ಮೇಲೆ ಹುಣ್ಣಿಮೆ ಚಂದ್ರ. ಕೆಳಗೆ ಎಚ್ಚರಿಕೆ: ಗರ್ಭಿಣಿಯರು ನೋಡಬಾರದು. ಅದನ್ನು ಓದಿದ ಮೇಲೆಯೇ ಊರ ಗರ್ಭಿಣಿಯರೆಲ್ಲ ಚಾಪೆ ಹಿಡಿದು ಬರುತ್ತಿದ್ದರು, ಅದು ಬೇರೆ ಮಾತು.

ಪೇಂಟರ್ ಈರಪ್ಪ ಈ ಶಾಸ್ತ್ರವನ್ನು ಎಂದೂ ಮೀರಿದವನಲ್ಲ. ಕಂಪನಿಯವರು ಕಳಿಸಿದ ಪೋಸ್ಟರನ್ನು ಎದುರಿಗಿಟ್ಟುಕೊಂಡು ಬಟ್ಟೆಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದುಬಿಡುತ್ತಿದ್ದ. ಅವನ ದೆವ್ವಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಒಂದೇ ತಾಯಿಯ ಮಕ್ಕಳೆನ್ನಬೇಕು, ಅಷ್ಟು ಹೋಲಿಕೆ. ಯಾವುದೂ ಯಾರ ಮುಖವೂ ಆಗಿರಲಿಲ್ಲ, ಆದ್ದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಈ ಸಲ ಎಡವಟ್ಟಾದದ್ದು ಒಂದು ಎಮ್ಮೆಯಿಂದ. ಬಂದಿದ್ದ ಒಂದೇ ಒಂದು ಪೋಸ್ಟರನ್ನು ಮೀರಾಸಾಬ ಅವಸರದಲ್ಲಿ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿಬಿಟ್ಟ. ಮೈದಾ ಅಂಟಿನ ಆಸೆಗೆ ಎಮ್ಮೆ ದೆವ್ವದ ಮುಖವನ್ನು ಪೂರ್ತಿ ತಿಂದು, ಬಂಗಲೆಯನ್ನು ಮಾತ್ರ ಬಿಟ್ಟು ಹೋಗಿತ್ತು.

“ಮನಸ್ಸಿಗೆ ಬಂದಂಗ ಬರಿಯೋ. ಹಸರ ಮಾರಿ, ಕೆಂಪ ರಗತ. ಅದಕ್ಯಾಕ ಪೋಸ್ಟರ್ ಬೇಕು?” ಎಂದ ಮೀರಾಸಾಬ. ಹುಬ್ಬಳ್ಳಿಯಲ್ಲಿ ವೀಡಿಯೋ ಬಂದು ಟೆಂಟಿಗೆ ಜನ ಕಡಿಮೆಯಾದಾಗಿನಿಂದ ಅವನಿಗೆ ಎಲ್ಲದಕ್ಕೂ ಗಡಿಬಿಡಿ.

ಈರಪ್ಪನ ಮನಸ್ಸೋ ಮನೆಯ ಕಡೆಗಿತ್ತು. ಸೋಮವಾರ ತಂಗಿ ಗೌರವ್ವನ ನಿಶ್ಚಯ. ಗಂಡು ಬೇರೆ ಯಾರೂ ಅಲ್ಲ, ಸತ್ತ ಅಕ್ಕನ ಗಂಡ, ಕುಬಿಹಾಳದ ಶಂಕ್ರಪ್ಪ. ಅಕ್ಕ ಮಾದೇವಿ ಹೋದ ವರ್ಷ ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದು ಸತ್ತಿದ್ದಳು. ಮೊಲೆ ಬಿಡದ ಹೆಣ್ಣುಕೂಸೊಂದು ಅಲ್ಲಿ ಉಳಿದಿತ್ತು. ಅಕ್ಕನ ಕೂಸಿಗೆ ತಂಗಿಗಿಂತ ಒಳ್ಳೆಯ ತಾಯಿ ಯಾರು ಸಿಗುತ್ತಾರೆ ಎಂದು ಬಂಧುಬಳಗವೆಲ್ಲ ಹೇಳಿತು. ಹಾಗೆ ಕೊಡುವುದು ವಾಡಿಕೆಯೇ. ಈರಪ್ಪನೂ ತಲೆಯಾಡಿಸಿದ್ದ.

ಏನೇನೋ ಯೋಚಿಸುತ್ತ, ಕೈಯನ್ನು ಅದರ ಪಾಡಿಗೆ ಬಿಟ್ಟು, ಒಂದೇ ಉಸಿರಿಗೆ ಬೋರ್ಡು ಮುಗಿಸಿದ. ಮೀರಾಸಾಬ ಬಂದು ನೋಡಿ ಮುಖ ಗಂಟಿಕ್ಕಿದ.

“ಇದೇನೋ ಈರಪ್ಪಾ, ಕುತಗಿಗೆ ನೀಲಿ ಬಣ್ಣ ಹಚ್ಚೀದಿ? ರಗತ ಎಲ್ಲೈತಿ?”

“ಕೈ ಹಂಗ ಹೋತ್ರಿ ಸಾವ್ಕಾರ್ರ. ಹಂಗಿದ್ರ ಛಲೋ ಕಾಣತೈತಿ ಅನಿಸ್ತು.”

“ಛಲೋ ಕಾಣಾಕ ಇದೇನ್ ಲಗ್ನದ ಫೋಟೋ ಏನೋ? ನೀಲಿಗೆ ಯಾವನೂ ಅಂಜಂಗಿಲ್ಲ. ಎರಡ ಹಲ್ಲಿನ ತೂತ ಹಾಕು, ಅದರ ಮ್ಯಾಲೆ ರಗತ ಸುರಿಸು. ಮಧ್ಯಾಹ್ನ ಪ್ರಚಾರದ ಗಾಡಿ ಇದನ್ನ ಹೊತ್ಕೊಂಡು ಕುಬಿಹಾಳಕ್ಕ ಹೋಗಬೇಕು.”

ಈರಪ್ಪ ಕೆಂಪು ಬಣ್ಣ ಕಲಸಿ ಕುಂಚ ಅದ್ದಿದ. ಅಷ್ಟರಲ್ಲಿ ಅವ್ವ ರೇವವ್ವ ಬುತ್ತಿ ಹಿಡಿದು ಬಂದಳು. ಬಗಲಲ್ಲಿ ಗೌರವ್ವನ ನಿಶ್ಚಯದ ಸೀರೆಯ ಗಂಟು. ದೆವ್ವದ ಬೋರ್ಡುಗಳನ್ನು ಕಂಡರೆ ಅವಳು ಯಾವಾಗಲೂ “ಥೂ, ಇದೇನ ಅಸಹ್ಯ” ಎಂದು ಮುಖ ತಿರುಗಿಸುವವಳು. ಇವತ್ತು ತಿರುಗಿಸಲಿಲ್ಲ. ನಿಂತೇ ಬಿಟ್ಟಳು. ಬುತ್ತಿ ಕೈಜಾರಿ ರೊಟ್ಟಿ, ಝುಣಕ ಎಲ್ಲ ಮಣ್ಣುಪಾಲಾದವು.

“ಯಾರು ಹೇಳಿದ್ರೋ ನಿನಗ?”

“ಏನ ಯವ್ವಾ?”

“ಈ ಕುತಗೀದು. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಮೈ ತೊಳದಾಕಿ ನಾನು. ಈ ಗುರ್ತಿನ ಮ್ಯಾಲೆ ಗಟ್ಟಿಯಾಗಿ ವಿಭೂತಿ ಬಳದಾಕಿ ನಾನು. ನಿನಗ ಯಾರು ಹೇಳಿದ್ರು?”

ಈರಪ್ಪ ತಿರುಗಿ ಬೋರ್ಡನ್ನು ನೋಡಿದ, ಇನ್ನೊಬ್ಬರು ಬರೆದದ್ದನ್ನು ನೋಡುವ ಹಾಗೆ. ಹಸಿರು ಬಣ್ಣದ ಒಳಗೆ, ಆ ಬಿಳಿ ಕಣ್ಣುಗಳ ಕೆಳಗೆ, ಗದ್ದದ ಮೇಲೊಂದು ಹಚ್ಚೆಯ ಬೊಟ್ಟಿತ್ತು. ಹಚ್ಚೆ ಹಾಕಿಸಿಕೊಳ್ಳುವಾಗ ಅಳುತ್ತ ತಲೆ ಕೊಡವಿದ್ದರಿಂದ ಒಂದು ಬದಿಗೆ ಸರಿದು ಕೂತ ಬೊಟ್ಟು. ಯಾವ ಸಿನಿಮಾದ ದೆವ್ವಕ್ಕೂ ಇಲ್ಲದ್ದು, ಅಕ್ಕ ಮಾದೇವಿಗೆ ಮಾತ್ರ ಇದ್ದದ್ದು. ಅವನು ಅದನ್ನು ಯಾವಾಗ ಇಟ್ಟ? ದೇವರಾಣೆ ಅವನಿಗೆ ಗೊತ್ತಿರಲಿಲ್ಲ. ಕೆಂಪು ಅದ್ದಿದ ಕುಂಚವನ್ನು ಕೆಳಗಿಟ್ಟ.

ಆಗ ಎಲ್ಲ ಕಣ್ಣಮುಂದೆ ಬಂತು. ಕುಬಿಹಾಳದ ಅಂಗಳ, ಹೊರಸಿನ ಮೇಲೆ ಮಲಗಿಸಿದ್ದ ಅಕ್ಕ, ನೀರು ತೊಟ್ಟಿಕ್ಕುವ ಕೂದಲು. ಹೆಂಗಸರು ಸ್ನಾನಕ್ಕೆ ಎತ್ತುವಾಗ ಸೆರಗು ಸರಿದು ಕುತ್ತಿಗೆಯ ನೀಲಿ ಗುರುತು ಕಂಡಿತ್ತು, ಅವ್ವ ಗಬಕ್ಕನೆ ಎಳೆದು ಮುಚ್ಚಿದ್ದಳು. ಆಮೇಲೆ ಹೆಣವನ್ನು ಗೋಡೆಗೆ ಒರಗಿಸಿ ಕೂಡ್ರಿಸಿದಾಗ ಕುತ್ತಿಗೆಯ ತುಂಬ ಹಾರವೋ ಹಾರ. ಅವನ ತಲೆಯಲ್ಲಿ ಹಾರ ಮಾತ್ರ ಉಳಿದಿತ್ತು. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ.

“ನಿನಗ ಗೊತ್ತಿತ್ತೇನ ಯವ್ವಾ?”

“ಬೀಳೂ ಮುಂದ ಬಾಂವಿ ಕಲ್ಲ ಬಡದಿರಬೇಕು ಅಂದ್ಕೊಂಡ್ನಿ. ದಿನಾ ಅದನ್ನ ಅಂದ್ಕೊಂಡ್ನಿ. ಕೂಸು ಅವರ ಮನ್ಯಾಗ ಇತ್ತಲ್ಲೋ ಯಪ್ಪಾ.”

“ಕಲ್ಲಿಗೆ ಬೆರಳ ಇರ್ತಾವೇನ?”

ಬೋರ್ಡಿನ ಕುತ್ತಿಗೆಯ ಎಡಕ್ಕೆ ಒಂದು ದಪ್ಪ ಗುರುತು, ಬಲಕ್ಕೆ ನಾಲ್ಕು ಉದ್ದ ಗುರುತು. ಎದುರಿಗೆ ನಿಂತವನ ಬಲಗೈ. ಈರಪ್ಪನಿಗೆ ತಾಯಿಯ ಮೇಲೆ ಎಂದೂ ಬಾರದ ಸಿಟ್ಟು ಬಂತು. “ಅದ ಕೈಯಾಗ ಗೌರಿನ್ನೂ ಕೊಡಾಕ ಸೀರಿ ತಂದೀ ಅಲ್ಲಬೇ!” ಎಂದು ಚೀರಿದ. ಚೀರಿದ ಮೇಲೆ ತಾನೂ ತಲೆಯಾಡಿಸಿದ್ದು ನೆನಪಾಯಿತು. ರೇವವ್ವನ ಬಗಲ ಗಂಟು ಯಾವಾಗಲೋ ಬಿದ್ದುಹೋಗಿತ್ತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಚೀರಿದ ಸದ್ದಿಗೆ ಮೀರಾಸಾಬ ಓಡಿ ಬಂದ. “ಇನ್ನೂ ಕೆಂಪ ಹಚ್ಚಿಲ್ಲೇನೋ?” ಎಂದು ತಾನೇ ಕುಂಚ ಎತ್ತಿಕೊಂಡ. ರೇವವ್ವ ಅವನ ಅಡ್ಡ ಬಂದು ನಿಂತಳು.

“ಹಚ್ಚಬ್ಯಾಡ್ರಿ. ಒಮ್ಮೆ ನಾ ಮುಚ್ಚೇನಿ, ಸಾಕು. ಗಾಡಿ ಕುಬಿಹಾಳಕ್ಕ ಹೋಗತೈತಲ್ರಿ?”

“ಹೌದ್ರೆವ್ವಾ, ಮೊದಲ ಅಲ್ಲೇ.”

“ಹಂಗಾರ ಇದು ಹಿಂಗ ಬರಲಿ. ನಾನೂ ಬರ್ತೇನಿ.”

ಮೀರಾಸಾಬ ತಾಯಿ ಮಗನ ಮುಖಗಳನ್ನು ನೋಡಿದ, ಬೋರ್ಡನ್ನೂ ನೋಡಿದ. ಏನು ತಿಳಿಯಿತೋ, ಕುಂಚ ಕೆಳಗಿಟ್ಟು ಗಾಡಿ ಹೂಡಿಸಿದ. ತಾಯಿಯ ಜೊತೆ ಈರಪ್ಪನೂ ಹತ್ತಿದ.

ಕುಬಿಹಾಳದ ಅಗಸಿ ಬಾಗಿಲಲ್ಲಿ ಗಾಡಿ ನಿಂತಾಗ ಮಕ್ಕಳು ಹೋ ಎಂದು ಮುತ್ತಿದರು. ಮೈಕಿನವನು ಬಾಯಿ ತೆರೆಯುವ ಮೊದಲೇ ಮಕ್ಕಳ ಸದ್ದು ಅಡಗಿತು. ಕೊಡ ಹೊತ್ತ ಒಬ್ಬ ಮುದುಕಿ ಗಾಡಿಯ ಹತ್ತಿರ ಬಂದು, “ಅಯ್ಯ ನನ ಶಿವನ, ಇಕಿ ನಮ್ಮ ಮಾದೇವಿ ಅಲ್ಲೇನ!” ಎಂದಳು. ಒಬ್ಬೊಬ್ಬರಾಗಿ ಜನ ಸೇರಿದರು. ಎಲ್ಲರೂ ಆ ಹಸಿರು ಮುಖವನ್ನು, ಗದ್ದದ ಬೊಟ್ಟನ್ನು ನೋಡುತ್ತಿದ್ದರು.

ಶಂಕ್ರಪ್ಪನೂ ಬಂದ. ಗಾಡಿಯಲ್ಲಿ ಅತ್ತೆಯನ್ನು ಕಂಡು ನಗಲು ಹೋಗಿ, ಬೋರ್ಡಿನ ಕಡೆ ತಿರುಗಿದ. ಈರಪ್ಪ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದ. ಊರೆಲ್ಲ ಮುಖ ನೋಡುತ್ತಿರುವಾಗ ಶಂಕ್ರಪ್ಪನ ಕಣ್ಣು ಮುಖದ ಮೇಲೆ ನಿಲ್ಲಲೇ ಇಲ್ಲ, ನೆಟ್ಟಗೆ ಕುತ್ತಿಗೆಗೆ ಇಳಿಯಿತು. ಅವನ ಬಲಗೈ ತಾನಾಗಿ ಬೆನ್ನ ಹಿಂದೆ ಸರಿಯಿತು.

ಅದನ್ನು ಈರಪ್ಪ ನೋಡಿದ. ಮುದುಕಿ ನೋಡಿದಳು. ರೇವವ್ವ ಗಾಡಿಯಿಂದ ಇಳಿದು ಅವನೆದುರು ನಿಂತು, ಖಾಲಿ ಉಡಿ ಒಡ್ಡಿದಳು.

“ಕೂಸನ್ನ ತಾ,” ಎಂದಳು.