ಮೂರನೆಯ ಪರದೆ

ಪರದೆ ಬೆಳಗಲೇ ಇಲ್ಲ. ಅವನು ತಂತಿಯನ್ನು ಕಿತ್ತು, ಊದಿ, ಮತ್ತೆ ಚುಚ್ಚಿದ. ಬೆಂಕಿಪೊಟ್ಟಣದಷ್ಟು ದೊಡ್ಡ ಅಡಾಪ್ಟರಿನ ಮೇಲೆ ನೀಲಿ ದೀಪವೇನೋ ಉರಿಯುತ್ತಿತ್ತು. ಶನಿ, ಹೊತ್ತಿಕೊಳ್ಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊತ್ತಿಕೊಳ್ಳುತ್ತದೆ.

ಲ್ಯಾಪ್‌ಟಾಪಿನಲ್ಲಿ ಮಾನಿಟರ್ ಸಿಕ್ಕಿಸಲು ಇದ್ದದ್ದು ಒಂದೇ ತೂತು. ಅದು ಎಂದೋ ಭರ್ತಿಯಾಗಿತ್ತು; ಎಡಗಡೆ ಹೊಸದಾಗಿ ಇಟ್ಟ ಈ ಮೂರನೆಯ ಪರದೆಗೆ ಅಡಾಪ್ಟರೇ ಗತಿ. ಲ್ಯಾಪ್‌ಟಾಪಿನಲ್ಲಿ ಮೂಲ, ಮಾನಿಟರಿನಲ್ಲಿ ಅನುವಾದ. ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುವ ಅವನ ಬದುಕು ಇವೆರಡರ ನಡುವೆ ನಡೆದಿತ್ತು. ಬೇರೆ ಊರಿನ ಬ್ಯಾಂಕ್ ಶಾಖೆಗೆ ವರ್ಗವಾಗಿ ಹೋದ ಹೆಂಡತಿ ವಿಡಿಯೋದಲ್ಲಿ ಬಂದರೆ ಅನುವಾದದ ಮೂಲೆಯಲ್ಲಿ ಅಂಚೆಚೀಟಿಯಂತೆ ಅಂಟಿಕೊಂಡಿರುತ್ತಿದ್ದಳು.

"ನನ್ ಜೊತೆ ಮಾತಾಡ್ವಾಗ್ಲೂ ಏನೋ ಓದ್ತಾನೇ ಇರ್ತೀರಲ್ಲ," ಎಂದಿದ್ದಳು ಹೋದ ಸಲ. ನಿಜವೇ, ಓದುತ್ತಿದ್ದ.

ಇವತ್ತು ಅವಳು ಮ್ಯಾನೇಜರಿಗೆ ಹೇಳಿಬಿಡಬೇಕು: ಅಲ್ಲೇ ಕಾಯಂ ಆಗುವುದೋ, ವಾಪಸು ಬರುವುದೋ. ಅದಕ್ಕೆ ಮೊದಲು ಅವನನ್ನೊಮ್ಮೆ ಕೇಳುತ್ತೇನೆ ಎಂದಿದ್ದಳು. ಬಾಯಿಬಿಟ್ಟು ಹೇಳಲು ಬಾರದ್ದನ್ನು ಅವಳಿಗೇ ಒಂದು ಇಡೀ ಪರದೆ ಕೊಟ್ಟು ಹೇಳೋಣವೆಂದು ಅವನು ಈ ಸಾಹಸಕ್ಕೆ ಇಳಿದಿದ್ದ.

ಅಡಾಪ್ಟರಿನ ಡ್ರೈವರ್ ತಂತ್ರಾಂಶ ಹಾಕಿ, ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿದ ಮೇಲೆ ಎಡಗಡೆಯ ಪರದೆ ಕಣ್ಣುಬಿಟ್ಟಿತು. ಅಷ್ಟರಲ್ಲೇ ಕರೆ ಬಂತು. ವಿಂಡೋವನ್ನು ಎಡಕ್ಕೆ ಎಳೆದು ಹಿಗ್ಗಿಸಿದ.

ಅವಳು ಪರದೆಯ ತುಂಬ ಬಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಇದು ಯಾವಾಗ ಆಯಿತು? ಇವಳ ಮುಖವನ್ನೇ ನೋಡಿರಲಿಲ್ಲವಲ್ಲ ನಾನು, ಎಂದುಕೊಂಡ.

"ಹೇಳಿ," ಎಂದಳು.

"ಏನ್ ಹೇಳ್ಲಿ?"

"ನಾನೇನ್ ಮಾಡ್ಲಿ ಅಂತ."

"ನಿಂಗೇನನ್ಸುತ್ತೆ?"

"ಇವತ್ತಾದ್ರೂ ನನ್ ಕಡೆ ನೋಡ್ರೀ."

"ನಿನ್ನನ್ನೇ ನೋಡ್ತಿದೀನಿ."

"ನಂಗೆ ನಿಮ್ ಕಿವಿ ಕಾಣಿಸ್ತಿದೆ."

ಕ್ಯಾಮೆರಾ ಇದ್ದದ್ದು ಲ್ಯಾಪ್‌ಟಾಪಿನ ಹಣೆಯಲ್ಲಿ. ಅವನು ತಟ್ಟನೆ ಅತ್ತ ತಿರುಗಿದ. ಎದುರಿಗೆ ನೀರೆತ್ತುವ ಪಂಪಿನ ಚಿತ್ರ, ಅದರ ಮೇಲ್ಗಡೆ ಕ್ಯಾಮೆರಾದ ಸಾಸಿವೆಯಷ್ಟು ಕಪ್ಪು ಚುಕ್ಕೆ. ಆ ಚುಕ್ಕೆಗೆ 'ಬಾ' ಎನ್ನಬೇಕು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವಳ ಮುಖ ಅರಳೀತೋ ಬಾಡೀತೋ ಎಂದು ಹೆದರಿ ಮತ್ತೆ ಎಡಕ್ಕೆ ನೋಡಿದ.

"ಬಿಡಿ. ಇಲ್ಲೇ ಇರ್ತೀನಿ ಅಂತ ಹೇಳ್ಬಿಡ್ತೀನಿ."

"ಹಾಗಲ್ಲ ಕಣೇ, ಈ ಅಡಾಪ್ಟರು..."

"ಏನು?"

"ಏನಿಲ್ಲ."

ಅವಳು ಕರೆ ಮುಗಿಸಿದಳು.

ವಿಂಡೋವನ್ನು ಲ್ಯಾಪ್‌ಟಾಪಿಗೇ ಎಳೆದುಕೊಂಡಿದ್ದರೆ ಸಾಕಿತ್ತು ಎಂದು ಆಮೇಲೆ ಹೊಳೆಯಿತು. ಹಾಳಾದ್ದು, ಎಲ್ಲವೂ ಆಮೇಲೆಯೇ.

ಕರೆ ಮುಗಿದರೂ ಕ್ಯಾಮೆರಾ ಆರಿರಲಿಲ್ಲ; ಅವಳು ಹೋದ ಜಾಗದಲ್ಲಿ ಈಗ ಪರದೆಯ ತುಂಬ ಅವನೇ ಇದ್ದ. ಒಂದು ಕಿವಿ, ಅರ್ಧ ಕೆನ್ನೆ. ಯಾರು ಕರೆದರೂ ಓಗೊಡದವನಂತೆ ಕೂತಿದ್ದ ಆ ಮನುಷ್ಯ. ಅವನ ಪೂರ್ತಿ ಮುಖವನ್ನು ನೋಡಬೇಕೆನಿಸಿತು. ಇವನು ಕ್ಯಾಮೆರಾದತ್ತ ತಿರುಗಿದ. ಈಗ ಪರದೆಯೊಳಗಿನ ಅವನು ಇತ್ತಲೇ ನೋಡುತ್ತಿರಬೇಕು. ಸರಕ್ಕನೆ ಎಡಕ್ಕೆ ಹೊರಳಿದ.

ಅಡಾಪ್ಟರಿನಲ್ಲಿ ಚಿತ್ರ ತುಸು ತಡವಾಗಿ ಬರುತ್ತಿತ್ತು. ಆ ತಡದಲ್ಲಿ, ರೆಪ್ಪೆ ಬಡಿಯುವಷ್ಟು ಹೊತ್ತು, ಮುಖ ಸಿಕ್ಕಿತು. ಸಿಕ್ಕಿದ್ದೇ ತಡ, ಅದು ಇವನನ್ನು ಕಂಡು ಆಚೆ ತಿರುಗಿಕೊಂಡಿತು.