ರೆನಿಟಾಳ ಎಡಗಾಲು

"ಅಲುಗಾಡ್ಬೇಡ ಕಣೇ, ಅಕ್ಷರ ಸೊಟ್ಟ ಆಗತ್ತೆ," ಎಂದು ಗದರಿದಳು ನಿಶಾತ್. ಮೆಹೆಂದಿ ಕೋನ್ ಹಿಡಿದಿದ್ದ ಅವಳ ಮಡಿಲಲ್ಲಿ ಗೆಳತಿ ರೆನಿಟಾಳ ಎಡಪಾದವಿತ್ತು.

"ಕಚಗುಳಿ ಆಗ್ತಿದೆ ಗುರು! ಸೋಮವಾರದಿಂದ ಕಚಗುಳಿಗೂ ಒಂದೇ ಕಾಲು. ಈಗ್ಲೇ ನಕ್ಕು ಮುಗಿಸ್ತೀನಿ ಬಿಡು."

ನಿಶಾತ್‌ಗೆ ನಗು ಬರಲಿಲ್ಲ. ರೆನಿಟಾಳ ಎಡಮಂಡಿಯ ಮೂಳೆಗೆ ಕ್ಯಾನ್ಸರ್ ಹಿಡಿದಿತ್ತು. ಈಸ್ಟರ್‌ನ ಮಾರನೆಯ ದಿನ ಕಾಲು ತೆಗೆಯುವುದೆಂದು ತೀರ್ಮಾನವಾಗಿತ್ತು. ಇಪ್ಪತ್ತು ವರ್ಷದ ಹುಡುಗಿ ಅತ್ತದ್ದು ಒಂದೇ ಸಂಜೆ. ಮರುದಿನ ಊರುಗೋಲು ಕುಟ್ಟುತ್ತ ಅಲ್ಲಾಳಸಂದ್ರದ ತಮ್ಮ ಚರ್ಚಿಗೆ ಹೋಗಿ, ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಗುರುಗಳು ಪಾದ ತೊಳೆಯುವ ಹನ್ನೆರಡು ಜನರಲ್ಲಿ ತನ್ನ ಹೆಸರನ್ನೂ ಬರೆಸಿ ಬಂದಿದ್ದಳು.

"ಬೇಡ ಕಣವ್ವಾ, ಎಲ್ರೂ ಅಯ್ಯೋ ಪಾಪ ಅಂತಾರೆ," ಎಂದಿದ್ದರು ತಾಯಿ ಆರೋಗ್ಯಮ್ಮ.

"ಅನ್ನೋಕ್ ಬಿಡ್ತೀನಾ? ದೇವ್ರು ಕೊಟ್ಟಿದ್ದು ಮಮ್ಮಿ, ತೊಳೆದು ವಾಪಸ್ ಕೊಡೋಣ."

ಚರ್ಚಿನ ಗುರು ಫಾದರ್ ಇನ್ನಾಸಪ್ಪ ನಗುವ ಪೈಕಿಯವರಲ್ಲ. ಪೂಜೆಯಲ್ಲಿ ಯಾರಾದರೂ ಕಿಸಕ್ಕೆಂದರೆ ಸಾಕು, "ಪ್ರಿಯರೇ, ದೇವಾಲಯದಲ್ಲಿ ಮೌನ!" ಎಂದು ಮೂಗಿನಲ್ಲೇ ರಾಗ ಎಳೆಯುವರು. ಕೀಮೋ ವಾರ್ಡಿನಲ್ಲಿ ಪಕ್ಕದ ಮಂಚದ ಬೈರಮ್ಮ ರೆನಿಟಾಳ ಬಾಯಲ್ಲಿ ಆ ರಾಗದ ಅಣಕು ಕೇಳದೆ ಊಟ ಮಾಡುತ್ತಿರಲಿಲ್ಲ.

ಗುರುವಾರ ಸಂಜೆ ಹನ್ನೆರಡು ಜನರೂ ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡ ಕಾಲುಗಳನ್ನು ತೊಳೆಸಿಕೊಳ್ಳಲು ಬಂದು ಕೂತಿದ್ದರು. ಬಲಗಾಲು ಮಾತ್ರ ಚಾಚುವುದು ರೂಢಿ. ಒಂಬತ್ತನೆಯ ಕುರ್ಚಿಯ ಮುಂದೆ ಫಾದರ್ ಮಂಡಿಯೂರಿದಾಗ ರೆನಿಟಾ ಎರಡೂ ಕೈಯಿಂದ ಎತ್ತಿ ಬೋಗುಣಿಯ ಮೇಲಿಟ್ಟದ್ದು ಎಡಗಾಲನ್ನು.

"ಬಲಗಾಲಮ್ಮಾ," ಫಾದರ್ ಪಿಸುಗುಟ್ಟಿದರು.

"ಅದು ಮುಂದಿನ ವರ್ಷಾನೂ ಇರತ್ತೆ ಫಾದರ್."

ಫಾದರ್ ಚೊಂಬು ಎತ್ತಿಕೊಂಡರು. ಎಡಗಾಲಿಗೇ ನೀರು ಹೊಯ್ದರು. ಟವೆಲ್ಲಿನಿಂದ ಒರೆಸಿ, ಮುತ್ತಿಡಲೆಂದು ಪಾದವನ್ನು ಮೇಲೆತ್ತಿದರು. ಅಂಗಾಲಿನಲ್ಲಿ ಕಡುಗೆಂಪು ಅಕ್ಷರಗಳು: "ಇದು ನನಗಿಂತ ಮೊದಲೇ ಸ್ವರ್ಗಕ್ಕೆ. ಚೆನ್ನಾಗಿ ಉಜ್ಜಿ."

ಫಾದರ್ ಅವರ ಮೂಗಿನಿಂದ ಗೊರ್ರೆಂಬ ಸದ್ದು ಬಂತು. ಆಮೇಲೆ ಭುಜಗಳು ಕುಲುಕಿದವು.

"ಪ್ರಿಯರೇ, ದೇವಾಲಯದಲ್ಲಿ ಮೌನ!" ಅವರದೇ ರಾಗದಲ್ಲಿ ಎಳೆದಳು ರೆನಿಟಾ.

ಇಡೀ ಚರ್ಚು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಫಾದರ್. ತೋಳಿನಿಂದ ಕಣ್ಣೊರೆಸಿಕೊಂಡು, ನಗುತ್ತಲೇ ಇನ್ನೊಂದು ಚೊಂಬು ನೀರು ಹೊಯ್ದು ಮತ್ತೆ ಉಜ್ಜತೊಡಗಿದರು.

ಮೂರನೆಯ ಸಾಲಿನಲ್ಲಿ ಆರೋಗ್ಯಮ್ಮ ಮಗಳ ಜೋಡಿ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. "ನನ್ ಮಗಳು," ಎಂದರು ಪಕ್ಕದವರಿಗೆ. ಪಕ್ಕದವರಿಗೆ ಅದು ರೆನಿಟಾ ಹುಟ್ಟಿದಂದಿನಿಂದ ಗೊತ್ತಿತ್ತು.